ನಾಯಿಯ ತವರು ಯಾವುದು?

ಮನುಷ್ಯ ಸಾಕಿಕೊಂಡ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಹಳೆಯದು ನಾಯಿ. ಆಡು, ಕುರಿ, ದನ, ಹಂದಿ ಇವೆಲ್ಲ ಅವನ ಬಳಿಗೆ ಬಂದದ್ದು ಸುಮಾರು 11,000 ವರ್ಷಗಳಿಂದೀಚೆಗೆ, ಅವನು ಒಂದೆಡೆ ನೆಲೆನಿಂತು ಬೇಸಾಯಕ್ಕೆ ಕೈಹಾಕಿದ ಕಾಲದಲ್ಲಿ. ನಾಯಿ ಅದಕ್ಕೂ ಸಾವಿರಾರು ವರ್ಷ ಮೊದಲೇ ಅವನ ಜೊತೆಗಿತ್ತು. ಆಗ ಮನುಷ್ಯನಿಗೆ ಹೊಲವಿರಲಿಲ್ಲ, ಕೊಟ್ಟಿಗೆಯಿರಲಿಲ್ಲ, ಕಾಳು ತುಂಬಿಡುವ ಕಣಜವಿರಲಿಲ್ಲ. ಬೇಟೆಯಾಡುತ್ತ, ಗೆಡ್ಡೆಗೆಣಸು ಅಗೆಯುತ್ತ ಊರಿಂದೂರಿಗೆ ಅಲೆಯುತ್ತಿದ್ದ ಜನ ಅವರು. ಅಂಥವರು ಒಂದು ಮಾಂಸಾಹಾರಿ ಮೃಗವನ್ನು ಹತ್ತಿರ ಬಿಟ್ಟುಕೊಂಡದ್ದು ಹೇಗೆ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ.

ನಾಯಿಯ ಪೂರ್ವಜ ತೋಳ ಎಂಬುದರಲ್ಲಿ ಇಂದು ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ತೋಳ, ಎಲ್ಲಿಯ ತೋಳ, ಎಷ್ಟು ವರ್ಷ ಹಿಂದೆ, ಮನುಷ್ಯ ಅದನ್ನು ಪಳಗಿಸಿದನೋ ಅದೇ ಬಂದು ಪಳಗಿತೋ ಎಂಬ ಪ್ರಶ್ನೆಗಳು ಇನ್ನೂ ಬಗೆಹರಿದಿಲ್ಲ. ಚೀನಾ ಎಂದವರಿದ್ದಾರೆ, ಪಶ್ಚಿಮ ಏಷ್ಯಾ ಎಂದವರಿದ್ದಾರೆ, ಯುರೋಪು ಎಂದವರಿದ್ದಾರೆ. ಎಲ್ಲರೂ ಸಮರ್ಥ ಸಂಶೋಧಕರೇ. ಹೀಗಿರುವಾಗ ಉತ್ತರಗಳು ಇಷ್ಟೊಂದು ಬೇರೆ ಬೇರೆ ಏಕೆ ಬಂದವು? ಈ ವಿಷಯದ ಚರ್ಚೆಯನ್ನು ಕಿರುತೆರೆಯಲ್ಲಿ ನೋಡುವವರಿಗೆ ಸಹಜವಾಗಿಯೇ ಏಳುವ ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ನರಿಯೋ, ತೋಳವೋ?

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ನಾಯಿಗೆ 'ಕ್ಯಾನಿಸ್ ಫೆಮಿಲಿಯಾರಿಸ್' ಎಂದೂ ತೋಳಕ್ಕೆ 'ಕ್ಯಾನಿಸ್ ಲೂಪಸ್' ಎಂದೂ ಹೆಸರಿಟ್ಟು ಎರಡನ್ನೂ ಬೇರೆ ಬೇರೆ ಪ್ರಭೇದಗಳೆಂದು ಪಟ್ಟಿಮಾಡಿದ. ನೂರು ವರ್ಷಗಳ ನಂತರ ಚಾರ್ಲ್ಸ್ ಡಾರ್ವಿನ್ನನನ್ನು ಕಾಡಿದ್ದು ನಾಯಿಗಳ ವೈವಿಧ್ಯ. ಅಂಗೈಯಲ್ಲಿ ಕೂರುವ ನಾಯಿಗೂ ಕರುವಿನಷ್ಟು ಎತ್ತರದ ನಾಯಿಗೂ ಒಬ್ಬನೇ ಮೂಲಪುರುಷನಿರಲು ಸಾಧ್ಯವೇ? ಸಾಕುಪ್ರಾಣಿ, ಸಾಕುಸಸ್ಯಗಳ ಬಗ್ಗೆ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ತೋಳ, ನರಿ ಮುಂತಾದ ಒಂದಕ್ಕಿಂತ ಹೆಚ್ಚು ಕಾಡುಪ್ರಾಣಿಗಳಿಂದ ನಾಯಿಗಳು ಬಂದಿರಬೇಕೆಂದು ಅಭಿಪ್ರಾಯಪಟ್ಟ. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿ ನೊಬೆಲ್ ಪಾರಿತೋಷಕ ಪಡೆದ ಕಾನ್ರಾಡ್ ಲೊರೆಂಜ್ ಕೂಡ ಬಹುಪಾಲು ನಾಯಿಗಳು ನರಿಯ ಸಂತತಿಯೆಂದು ಒಮ್ಮೆ ನಂಬಿದ್ದರು. ಮುಂದೆ ತಾವೇ ಆ ಅಭಿಪ್ರಾಯವನ್ನು ಕೈಬಿಟ್ಟರು.

ಈ ಗೊಂದಲಕ್ಕೆ ಕಾರಣವಿತ್ತು. ನಾಯಿ, ತೋಳ, ನರಿ ಮೂರಕ್ಕೂ ಜೀವಕೋಶದಲ್ಲಿ 78 ವರ್ಣತಂತುಗಳು, ಮೂರಕ್ಕೂ 42 ಹಲ್ಲುಗಳು. ಇವು ತಮ್ಮತಮ್ಮಲ್ಲಿ ಕೂಡಿ ಮರಿಹಾಕಲೂ ಬಲ್ಲವು. ಹೊರನೋಟದ ಲಕ್ಷಣಗಳಿಂದ ಬಗೆಹರಿಯದ ಈ ವಿಚಾರ ಬಗೆಹರಿದದ್ದು ಡಿ.ಎನ್.ಎ. ಪರೀಕ್ಷೆಯಿಂದ. ಕಾರ್ಲೆಸ್ ವಿಲಾ, ರಾಬರ್ಟ್ ವೇಯ್ನ್ ಮತ್ತು ಸಂಗಡಿಗರು 1997ರಲ್ಲಿ 162 ತೋಳಗಳ, 67 ತಳಿಗಳಿಗೆ ಸೇರಿದ 140 ನಾಯಿಗಳ ಮೈಟೊಕಾಂಡ್ರಿಯ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದರು. ಮೈಟೊಕಾಂಡ್ರಿಯ ಎಂಬುದು ಜೀವಕೋಶದೊಳಗಿನ ಶಕ್ತಿಕೇಂದ್ರ. ಅದರ ಡಿ.ಎನ್.ಎ. ತಾಯಿಯಿಂದ ಮಾತ್ರ ಮರಿಗೆ ಬರುವುದರಿಂದ ಹೆಣ್ಣಿನ ಕಡೆಯ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋಗಲು ಅನುಕೂಲ. ಫಲಿತಾಂಶ ಸ್ಪಷ್ಟವಾಗಿತ್ತು. ಎಲ್ಲ ನಾಯಿಗಳೂ ತೋಳದ ಕುಲದವೇ. ನರಿಗೆ ಆ ವಂಶವೃಕ್ಷದಲ್ಲಿ ಜಾಗವಿರಲಿಲ್ಲ.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ನಾಯಿ ತೋಳದಿಂದ ಬೇರೆಯಾಗಿ ಒಂದು ಲಕ್ಷ ವರ್ಷಕ್ಕೂ ಹೆಚ್ಚು ಕಾಲವಾಗಿರಬಹುದು ಎಂದು ಅವರು ಲೆಕ್ಕಹಾಕಿದ್ದರು. ಅಷ್ಟು ಹಳೆಯ ನಾಯಿಯ ಮೂಳೆ ಜಗತ್ತಿನ ಯಾವ ಮೂಲೆಯಲ್ಲೂ ಸಿಕ್ಕಿರಲಿಲ್ಲ. ನಿಜವಾದ ವಾಗ್ವಾದ ಆರಂಭವಾದದ್ದು ಅಲ್ಲಿಂದ.

ಒಂದು ಪ್ರಶ್ನೆ, ಹಲವು ಉತ್ತರ

ಸ್ಟಾಕ್‌ಹೋಮಿನ ಪೀಟರ್ ಸಾವೊಲೈನೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಪಂಚದ ನಾನಾ ಕಡೆಯ 654 ನಾಯಿಗಳನ್ನು ಪರೀಕ್ಷಿಸಿ, ನಾಯಿಯ ತವರು ಪೂರ್ವ ಏಷ್ಯಾ, ಕಾಲ ಸುಮಾರು 15,000 ವರ್ಷಗಳ ಹಿಂದೆ ಎಂದರು. 2009ರಲ್ಲಿ ಇನ್ನೂ ನಿಖರವಾಗಿ, ಚೀನಾದ ಯಾಂಗ್‌ಟ್ಸಿ ನದಿಯ ದಕ್ಷಿಣದ ಸೀಮೆ ಎಂದು ಬೆರಳಿಟ್ಟು ತೋರಿಸಿದರು. ಮರುವರ್ಷವೇ, 2010ರಲ್ಲಿ, ಅಮೆರಿಕದ ಬ್ರಿಜೆಟ್ ವಾನ್‌ಹೋಲ್ಟ್ ಮತ್ತು ವೇಯ್ನ್ ಅವರ ತಂಡ ಇಡೀ ಜೀನೋಮಿನ 48,000ಕ್ಕೂ ಹೆಚ್ಚು ಗುರುತುಗಳನ್ನು ಹೋಲಿಸಿತು. ನಾಯಿಗಳಿಗೆ ಹೆಚ್ಚು ಹೋಲಿಕೆ ಕಂಡದ್ದು ಪಶ್ಚಿಮ ಏಷ್ಯಾದ ತೋಳಗಳಲ್ಲಿ.

ಅಲ್ಲಿಗೂ ಮುಗಿಯಲಿಲ್ಲ. 2013ರಲ್ಲಿ ಓಲಾಫ್ ಥಾಲ್ಮನ್ ಮತ್ತು ಇತರರು ಪ್ರಾಚೀನ ಮೂಳೆಗಳಿಂದ ತೆಗೆದ ಮೈಟೊಕಾಂಡ್ರಿಯ ಡಿ.ಎನ್.ಎ.ಯನ್ನು ಆಧರಿಸಿ ಯುರೋಪಿನತ್ತ ಕೈತೋರಿದರು. ಕಾಲ 18,800ರಿಂದ 32,100 ವರ್ಷಗಳ ನಡುವೆ ಎಂದರು. 2015ರಲ್ಲಿ ಇನ್ನೊಂದು ತಂಡ 38 ದೇಶಗಳ ಹಳ್ಳಿನಾಯಿಗಳನ್ನು ಸೇರಿಸಿಕೊಂಡು ಮಧ್ಯ ಏಷ್ಯಾ ಎಂದಿತು. 2016ರಲ್ಲಿ ಆಕ್ಸ್‌ಫರ್ಡಿನ ಗ್ರೆಗರ್ ಲಾರ್ಸನ್ ಮತ್ತು ಲೊರಾಂ ಫ್ರಾಂಟ್ಸ್ ಅವರ ತಂಡ ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯಲ್ಲಿ ದೊರೆತ 4,800 ವರ್ಷ ಹಳೆಯ ನಾಯಿಯ ಪೂರ್ಣ ಜೀನೋಮನ್ನು ಓದಿ, ತವರು ಒಂದಲ್ಲ, ಎರಡಿರಬಹುದು ಎಂಬ ವಾದ ಮುಂದಿಟ್ಟಿತು. ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು. 2017ರಲ್ಲಿ ಜರ್ಮನಿಯ ಎರಡು ಪ್ರಾಚೀನ ನಾಯಿಗಳ ಜೀನೋಮನ್ನು ಅಭ್ಯಸಿಸಿದ ಮತ್ತೊಂದು ತಂಡ ಅದನ್ನು ಒಪ್ಪದೆ, ಮೂಲ ಒಂದೇ, ನಾಯಿಯ ವಂಶ ತೋಳದಿಂದ ಕವಲೊಡೆದದ್ದು 20,000ದಿಂದ 40,000 ವರ್ಷಗಳ ನಡುವೆ ಎಂದಿತು.

ಲೆಕ್ಕದ ತೊಡಕು ಎಲ್ಲಿ?

ಇದನ್ನು ಓದಿ ವಿಜ್ಞಾನಿಗಳಿಗೆ ಏನೂ ತಿಳಿಯದು ಎಂದು ನಗುವುದು ಸುಲಭ. ಆದರೆ ಅವರು ಅನುಸರಿಸಿದ ತರ್ಕ ಸರಳವಾದದ್ದು, ಬೇರೆಡೆ ಯಶಸ್ವಿಯಾದದ್ದು.

ಒಂದು ಮೂಲ ಗ್ರಾಮವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ನೂರು ಮನೆತನಗಳಿವೆ. ಅವುಗಳಲ್ಲಿ ಹತ್ತು ಮನೆತನಗಳು ವಲಸೆ ಹೋಗಿ ಹೊಸ ಊರು ಕಟ್ಟಿದವು. ಅಲ್ಲಿಂದ ಮೂರು ಮನೆತನಗಳು ಇನ್ನೂ ದೂರ ಹೋದವು. ಬಹಳ ಕಾಲದ ನಂತರ ಬಂದು ನೋಡುವವನಿಗೆ, ಮನೆತನಗಳ ವೈವಿಧ್ಯ ಎಲ್ಲಿ ಹೆಚ್ಚಿದೆಯೋ ಅದೇ ಮೂಲ ಗ್ರಾಮ ಎಂದು ಊಹಿಸಲು ಕಷ್ಟವಿಲ್ಲ. ಮನುಷ್ಯಕುಲದ ಮೂಲ ಆಫ್ರಿಕ ಎಂದು ತೋರಿಸಿಕೊಟ್ಟ ವಾದಗಳಲ್ಲಿ ಇದೂ ಒಂದು. ನಾಯಿಯ ವಿಷಯದಲ್ಲೂ ಅದನ್ನೇ ಅನ್ವಯಿಸಲಾಯಿತು.

ಆದರೆ ನಾಯಿ ತಾನಾಗಿ ವಲಸೆ ಹೋಗುವ ಪ್ರಾಣಿಯಲ್ಲ. ಯಜಮಾನ ಹೊರಟಾಗ ಹೊರಡುತ್ತದೆ. ವ್ಯಾಪಾರಿಯ ಹಡಗಿನಲ್ಲಿ, ಕುರಿಗಾಹಿಯ ಮಂದೆಯ ಹಿಂದೆ, ಸೈನ್ಯದ ಜೊತೆಗೆ ಸಾವಿರಾರು ವರ್ಷ ಓಡಾಡಿ ಅದರ ರಕ್ತ ಮತ್ತೆಮತ್ತೆ ಬೆರೆತಿದೆ. ಹಲವು ಊರಿನವರು ಬಂದು ಸೇರುವ ಸಂತೆಪೇಟೆಯಲ್ಲಿ ಮನೆತನಗಳು ಹೆಚ್ಚಿದ್ದರೆ ಅದು ಮೂಲ ಗ್ರಾಮವಾಗುವುದಿಲ್ಲವಷ್ಟೆ. ಕೆಲವು ಕಡೆ ಮೊದಲಿದ್ದ ನಾಯಿಗಳ ಸಂತತಿಯೇ ಅಳಿದು ಹೊಸ ನಾಯಿಗಳು ಆ ಜಾಗ ತುಂಬಿವೆ. ಅಮೆರಿಕ ಖಂಡದ ಮೂಲನಿವಾಸಿಗಳ ನಾಯಿಗಳಿಗೆ, ಯುರೋಪಿಯನ್ನರು ಅಲ್ಲಿಗೆ ಬಂದ ಮೇಲೆ, ಆದದ್ದು ಬಹುಮಟ್ಟಿಗೆ ಇದೇ.

ಕಾಲದ ಲೆಕ್ಕದಲ್ಲೂ ತೊಡಕಿದೆ. ತಲೆಮಾರಿನಿಂದ ತಲೆಮಾರಿಗೆ ಡಿ.ಎನ್.ಎ.ಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಸೇರುತ್ತ ಹೋಗುತ್ತವೆ. ಅವು ಎಷ್ಟು ವೇಗದಲ್ಲಿ ಸೇರುತ್ತವೆಂದು ಗೊತ್ತಿದ್ದರೆ ಅದನ್ನೇ ಗಡಿಯಾರವಾಗಿ ಬಳಸಬಹುದು. ಆ ವೇಗವನ್ನು ಎರಡರಷ್ಟು ಎಂದುಕೊಂಡರೆ ಕಾಲ ಅರ್ಧಕ್ಕಿಳಿಯುತ್ತದೆ, ಅರ್ಧದಷ್ಟು ಎಂದುಕೊಂಡರೆ ಇಮ್ಮಡಿಯಾಗುತ್ತದೆ. ಒಂದು ಲಕ್ಷ ವರ್ಷ ಎಂಬ ಮೊದಲ ಲೆಕ್ಕ ಮುಂದೆ ನಿಲ್ಲದೆಹೋದದ್ದಕ್ಕೆ ಇದೂ ಒಂದು ಕಾರಣ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮತ್ತೊಂದು. ಇಂದಿನ ನಾಯಿಯನ್ನು ಇಂದಿನ ತೋಳದೊಂದಿಗೆ ಹೋಲಿಸುವಾಗ, ಇಂದಿನ ತೋಳವೇ ನಾಯಿಯ ಅಜ್ಜ ಎಂದು ನಾವು ಒಳಗೊಳಗೇ ಭಾವಿಸಿರುತ್ತೇವೆ. ವಾಸ್ತವವಾಗಿ ಅದು ಅಜ್ಜನಲ್ಲ, ದಾಯಾದಿ. 2014ರಲ್ಲಿ ಪ್ರಕಟವಾದ ಒಂದು ಜೀನೋಮ್ ಅಧ್ಯಯನ ಈ ವಿಷಯವನ್ನು ಎತ್ತಿ ತೋರಿಸಿತು. ಕ್ರೊಯೇಶಿಯ, ಇಸ್ರೇಲ್, ಚೀನಾ ಮೂರೂ ಕಡೆಯ ತೋಳಗಳನ್ನು ಪರೀಕ್ಷಿಸಿದಾಗ ಯಾವುದೂ ನಾಯಿಗೆ ಉಳಿದವುಗಳಿಗಿಂತ ಹತ್ತಿರವಿರಲಿಲ್ಲ. ನಾಯಿಗೆ ಜನ್ಮಕೊಟ್ಟ ಹಿಮಯುಗದ ತೋಳಗಳ ಪೀಳಿಗೆ ಅಳಿದುಹೋಗಿದೆ ಎಂಬುದು ಅದರ ತಾತ್ಪರ್ಯ. ಅಜ್ಜ ಸತ್ತುಹೋಗಿದ್ದಾನೆ, ದಾಯಾದಿಗಳ ಮುಖ ನೋಡಿ ಅಜ್ಜನ ಊರು ಹೇಳಲು ಹೊರಟರೆ ಉತ್ತರ ಹಲವಾಗುವುದು ಸಹಜವೇ.

ಮಣ್ಣಿನೊಳಗಿನ ಸಾಕ್ಷಿ

ಹಾಗಾದರೆ ಉಳಿದ ದಾರಿ ಅಜ್ಜನ ಮೂಳೆಯನ್ನೇ ಹುಡುಕುವುದು. ತೋಳಕ್ಕೆ ಹೋಲಿಸಿದರೆ ನಾಯಿಯ ಮೂತಿ ಗಿಡ್ಡ, ದವಡೆ ಚಿಕ್ಕದು, ಅದರಲ್ಲಿ ಹಲ್ಲುಗಳು ಒತ್ತೊತ್ತಾಗಿರುತ್ತವೆ. ಆದರೆ ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಮೊದಲ ನಾಯಿಗಳು ತೋಳದಂತೆಯೇ ಇದ್ದಿರಬೇಕು. ಗಿಡ್ಡ ಮೂತಿಯ ತೋಳಗಳೂ ಆಗೊಮ್ಮೆ ಈಗೊಮ್ಮೆ ಹುಟ್ಟಿರಬೇಕು.

ಬೆಲ್ಜಿಯಮ್ಮಿನ ಗೋಯೆ ಗುಹೆಯ ತಲೆಬುರುಡೆಯ ಕಥೆ ಇಂಥದು. ಸುಮಾರು 36,000 ವರ್ಷ ಹಳೆಯದಾದ ಅದನ್ನು 2009ರಲ್ಲಿ ಮಿಟ್ಯೆ ಜರ್ಮಾನ್‌ಪ್ರೆ ಮತ್ತು ಸಂಗಡಿಗರು ನಾಯಿಯದೆಂದು ಗುರುತಿಸಿದರು. ಸೈಬೀರಿಯದ ಅಲ್ತಾಯ್ ಪರ್ವತದ ಗುಹೆಯೊಂದರಲ್ಲಿ ಸಿಕ್ಕ 33,000 ವರ್ಷ ಹಳೆಯ ಬುರುಡೆಯ ಬಗ್ಗೆಯೂ 2011ರಲ್ಲಿ ಇಂಥದೇ ವಾದ ಕೇಳಿಬಂತು. ಅವು ಸ್ವಲ್ಪ ಬೇರೆ ಬಗೆಯ ತೋಳಗಳಷ್ಟೇ ಎಂದು ಇತರರು ಆಕ್ಷೇಪಿಸಿದರು. ಗೋಯೆಯ ಪ್ರಾಣಿಯ ಡಿ.ಎನ್.ಎ. ಇಂದಿನ ಯಾವ ನಾಯಿಗೂ ಪೂರ್ವಜನ ಸ್ಥಾನದಲ್ಲಿ ನಿಲ್ಲುವುದಿಲ್ಲವೆಂದು 2013ರ ಅಧ್ಯಯನ ತೋರಿಸಿತು. ಅದು ಕೈಗೂಡದೆ ನಿಂತುಹೋದ ಒಂದು ಪ್ರಯತ್ನವೋ, ಬರಿಯ ತೋಳವೋ ಎಂಬ ಚರ್ಚೆ ಉಳಿದಿದೆ.

ಯಾರೂ ತಕರಾರು ಮಾಡದ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಒಂದು ಜರ್ಮನಿಯ ಬಾನ್ ನಗರದ ಬಳಿಯ ಒಬರ್‌ಕಾಸೆಲ್‌ನದು. 1914ರಲ್ಲಿ ಅಲ್ಲಿನ ಕಲ್ಲುಗಣಿಯ ಕೆಲಸಗಾರರಿಗೆ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಹೂಳಿದ್ದ ಸಮಾಧಿ ಸಿಕ್ಕಿತು. ಅವರ ಜೊತೆಯಲ್ಲೇ ಒಂದು ನಾಯಿಯ ಮೂಳೆಗಳಿದ್ದವು. ಕಾಲ ಸುಮಾರು 14,200 ವರ್ಷಗಳ ಹಿಂದೆ. ಆ ನಾಯಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿ ಮನಮುಟ್ಟುವಂಥದು. ಅದು ಏಳು ತಿಂಗಳನ್ನೂ ತುಂಬದ ಮರಿ. ಸುಮಾರು 19ನೆಯ ವಾರದಲ್ಲಿ ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ರೋಗ ತಗುಲಿರಬೇಕೆಂದು ಹಲ್ಲಿನ ಮೇಲಿನ ಗುರುತುಗಳು ಹೇಳುತ್ತವೆ. ಆರೈಕೆಯಿಲ್ಲದಿದ್ದರೆ ಅಂಥ ಮರಿ ಬಹಳ ಬೇಗ ಸಾಯುತ್ತದೆ. ಇದು ಮತ್ತೆ ಕೆಲವು ವಾರ ಬದುಕಿತ್ತು. ಬೇಟೆಗೂ ಕಾವಲಿಗೂ ಬಾರದ ರೋಗಿಷ್ಠ ಮರಿಗೆ ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಒರೆಸಿ ನೋಡಿಕೊಂಡಿದ್ದಾರೆ ಎಂದು ಸಂಶೋಧಕರು ತೀರ್ಮಾನಿಸಿದ್ದಾರೆ.

ಇಸ್ರೇಲಿನ ಐನ್ ಮಲ್ಲಾಹ ಎಂಬಲ್ಲಿ ಸುಮಾರು 12,000 ವರ್ಷ ಹಿಂದಿನ ಸಮಾಧಿಯಲ್ಲಿ ಮನುಷ್ಯನ ಕೈ ಒಂದು ಮರಿಯ ಮೇಲಿದೆ. ನಾಯಿಯ ಸಾವನ್ನು ನೆನಪಿಡುವ ಈ ಭಾವ ನಮಗೂ ಅಪರಿಚಿತವಲ್ಲ. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹಳೆಯ ಮೂಳೆಯ ಹೊಸ ಮಾತು

ಹಳೆಯ ಮೂಳೆಯಿಂದ ಪೂರ್ಣ ಜೀನೋಮ್ ಓದುವ ತಂತ್ರ ಪಕ್ವವಾದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಆಂಡರ್ಸ್ ಬರ್ಗ್‌ಸ್ಟ್ರೋಮ್, ಪಾಂಟಸ್ ಸ್ಕೋಗ್ಲುಂಡ್ ಮತ್ತು ಹಲವು ದೇಶಗಳ ಸಂಶೋಧಕರು 2020ರಲ್ಲಿ 27 ಪ್ರಾಚೀನ ನಾಯಿಗಳ ಜೀನೋಮನ್ನು ಪ್ರಕಟಿಸಿದರು. 11,000 ವರ್ಷಗಳ ಹಿಂದೆಯೇ, ಎಂದರೆ ಬೇಸಾಯ ಇನ್ನೂ ಎಳೆಯದಾಗಿದ್ದಾಗಲೇ, ನಾಯಿಗಳಲ್ಲಿ ಕನಿಷ್ಠ ಐದು ಕವಲುಗಳಾಗಿದ್ದವು. ಅಷ್ಟು ಕವಲೊಡೆಯಲು ಬಹಳ ಕಾಲ ಬೇಕು. ಆದ್ದರಿಂದ ನಾಯಿಯ ಹುಟ್ಟು ಅದಕ್ಕೂ ಬಹಳ ಹಿಂದಿನದು.

ಅದೇ ತಂಡದವರು 2022ರಲ್ಲಿ ಕಳೆದ ಒಂದು ಲಕ್ಷ ವರ್ಷಗಳಲ್ಲಿ ಬಾಳಿದ 72 ಪ್ರಾಚೀನ ತೋಳಗಳ ಜೀನೋಮನ್ನು ಓದಿದರು. ನಾಯಿಗಳು ಯುರೋಪಿನ ಪ್ರಾಚೀನ ತೋಳಗಳಿಗಿಂತ ಸೈಬೀರಿಯ ಮೊದಲಾದ ಪೂರ್ವದ ಪ್ರಾಚೀನ ತೋಳಗಳಿಗೆ ಹತ್ತಿರವೆಂದು ಕಂಡುಬಂತು. ಯುರೋಪೇ ತವರು ಎಂಬ ವಾದ ಇದರಿಂದ ದುರ್ಬಲವಾಯಿತು. ಆದರೆ ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ನಾಯಿಗಳಲ್ಲಿ ಅರ್ಧದವರೆಗಿನ ಅಂಶ ಇನ್ನೊಂದು ಬಗೆಯ, ನೈಋತ್ಯ ಏಷ್ಯಾದ ತೋಳಗಳಿಗೆ ಸಮೀಪವಾದ ಮೂಲದಿಂದ ಬಂದಿತ್ತು. ಎರಡು ಕಡೆ ಪ್ರತ್ಯೇಕವಾಗಿ ಪಳಗಿಸಿದ್ದಿರಬಹುದು. ಇಲ್ಲವೇ ಪೂರ್ವದಲ್ಲಿ ಪಳಗಿದ ನಾಯಿ ಪಶ್ಚಿಮಕ್ಕೆ ಬಂದು ಅಲ್ಲಿನ ತೋಳಗಳೊಡನೆ ಕೂಡಿದ್ದಿರಬಹುದು. ಇವೆರಡರಲ್ಲಿ ಯಾವುದೆಂದು ಹೇಳಲು ಆ 72 ತೋಳಗಳು ಸಾಲಲಿಲ್ಲ. ಅವುಗಳಲ್ಲಿ ಒಂದೂ ನಾಯಿಯ ನೇರ ಪೂರ್ವಜನಾಗಿರಲಿಲ್ಲ.

ಸಾಕಿದವರು ಯಾರು?

'ಎಲ್ಲಿ' ಎಂಬುದಕ್ಕಿಂತ 'ಹೇಗೆ' ಎಂಬ ಪ್ರಶ್ನೆ ಇನ್ನೂ ಕುತೂಹಲಕರ. ತೋಳದ ಗವಿಯಿಂದ ಮರಿಗಳನ್ನು ಎತ್ತಿತಂದು ಸಾಕಿದ್ದರಿಂದ ನಾಯಿಯಾಯಿತು ಎಂಬುದು ಹಳೆಯ ವಿವರಣೆ. ಫ್ರಾನ್ಸಿಸ್ ಗಾಲ್ಟನ್ 1865ರಷ್ಟು ಹಿಂದೆಯೇ, ಬೇಟೆಗಾರ ಜನ ಕಾಡುಪ್ರಾಣಿಗಳ ಮರಿಗಳನ್ನು ಅಕ್ಕರೆಯಿಂದ ಸಾಕುವ ರೂಢಿಯೇ ಪಳಗಿಸುವಿಕೆಯ ಮೊದಲ ಹೆಜ್ಜೆ ಎಂದಿದ್ದ. ಆದರೆ ಸಾಕಿದ ತೋಳದ ಮರಿ ಬೆಳೆದ ಮೇಲೂ ತೋಳವೇ. ಹಂಗೇರಿಯ ಬುಡಾಪೆಸ್ಟಿನಲ್ಲಿ ಆಡಂ ಮಿಕ್ಲೋಷಿ ಮತ್ತು ಸಂಗಡಿಗರು ಕೈಯಾರೆ ಬೆಳೆಸಿದ ತೋಳಗಳನ್ನೂ ನಾಯಿಗಳನ್ನೂ ಒಂದೇ ಪರೀಕ್ಷೆಗೆ ಒಡ್ಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಡಿಸಲಾಗದ ಸಮಸ್ಯೆ ಎದುರಾದಾಗ ನಾಯಿ ತಿರುಗಿ ಮನುಷ್ಯನ ಮುಖ ನೋಡಿತು. ತೋಳ ಬಹುಮಟ್ಟಿಗೆ ತನ್ನ ಪಾಡಿಗೆ ತಾನು ಎಳೆದಾಡುತ್ತಲೇ ಇತ್ತು.

ಎರಡನೆಯ ವಿವರಣೆಯನ್ನು ಪ್ರಚುರಪಡಿಸಿದವರು ಅಮೆರಿಕದ ರೇಮಂಡ್ ಕಾಪಿಂಗರ್. ಮನುಷ್ಯ ತೋಳವನ್ನು ಪಳಗಿಸಲಿಲ್ಲ, ತೋಳವೇ ಪಳಗಿತು. ಊರ ಹೊರಗೆ ಚೆಲ್ಲಿದ ಎಂಜಲು, ಮೂಳೆ ತಿನ್ನಲು ಬಂದ ತೋಳಗಳಲ್ಲಿ ಅಂಜುಬುರುಕ ತೋಳ ಮನುಷ್ಯನ ಸುಳಿವು ಕಂಡೊಡನೆ ಓಡಿಹೋಗುತ್ತಿತ್ತು. ಅಂಜದೆ ನಿಂತದ್ದಕ್ಕೆ ಹೊಟ್ಟೆ ತುಂಬ ಸಿಗುತ್ತಿತ್ತು, ಅದರ ಮರಿಗಳು ಹೆಚ್ಚು ಬದುಕುತ್ತಿದ್ದವು. ತಲೆಮಾರುಗಳು ಕಳೆದಂತೆ ಅಂಜಿಕೆ ಕಡಿಮೆಯಾದ ಒಂದು ಪೀಳಿಗೆಯೇ ರೂಪುಗೊಂಡಿತು. ನಮ್ಮ ಊರುಗಳ ಬೀದಿನಾಯಿಯನ್ನು ನೋಡಿದವರಿಗೆ ಇದು ಒಪ್ಪುವ ಮಾತು. ಆದರೆ ಇದಕ್ಕೊಂದು ಬಲವಾದ ಆಕ್ಷೇಪಣೆಯಿದೆ. ನಾಯಿ ಹುಟ್ಟಿದ ಕಾಲದಲ್ಲಿ ಊರುಗಳೇ ಇರಲಿಲ್ಲ. ಅಲೆಮಾರಿ ಬೇಟೆಗಾರರ ಬಿಡಾರದಲ್ಲಿ ತೋಳದ ಹಿಂಡು ಬದುಕುವಷ್ಟು ಎಂಜಲು ಎಲ್ಲಿಂದ ಬರಬೇಕು?

ಇದಕ್ಕೆ ಫಿನ್ಲೆಂಡಿನ ಮರಿಯಾ ಲಾಹ್ಟಿನೆನ್ ಮತ್ತು ಸಂಗಡಿಗರು 2021ರಲ್ಲಿ ಒಂದು ಉತ್ತರ ಸೂಚಿಸಿದ್ದಾರೆ. ಹಿಮಯುಗದ ಚಳಿಗಾಲದಲ್ಲಿ ಬೇಟೆಯ ಪ್ರಾಣಿಗಳ ಮೈಯಲ್ಲಿ ಕೊಬ್ಬು ಕರಗಿ ಬರಿಯ ಮಾಂಸಖಂಡ ಉಳಿದಿರುತ್ತಿತ್ತು. ಮನುಷ್ಯನ ಪಿತ್ತಜನಕಾಂಗ, ಮೂತ್ರಪಿಂಡಗಳು ಬರಿಯ ಪ್ರೋಟೀನನ್ನು ಒಂದು ಮಿತಿಯಾಚೆಗೆ ತಾಳಲಾರವು. ಕೊಬ್ಬಿರುವ ಭಾಗ ತಾವು ತಿಂದು ಮಿಕ್ಕ ಮಾಂಸವನ್ನು ತೋಳದ ಮರಿಗಳಿಗೆ ಹಾಕಿದರೆ ಅವರಿಗೆ ನಷ್ಟವಿರಲಿಲ್ಲ. ಒಂದೇ ಬೇಟೆಗಾಗಿ ಪೈಪೋಟಿ ನಡೆಸುತ್ತಿದ್ದ ಎರಡು ಜೀವಿಗಳು ಹೀಗೆ ಒಂದೇ ಬೇಟೆಯನ್ನು ಹಂಚಿಕೊಂಡಿರಬಹುದು. ಇದು ಸಾಬೀತಾದ ಸಂಗತಿಯಲ್ಲ, ಲೆಕ್ಕಾಚಾರದ ಬಲವಿರುವ ಒಂದು ಊಹೆ.

ಸ್ವಭಾವವನ್ನು ಆರಿಸಿಕೊಂಡರೆ ಸಾಕು, ಪೀಳಿಗೆಯೇ ಬದಲಾಗುತ್ತದೆ ಎಂಬುದಕ್ಕೆ ರಷ್ಯದ ಒಂದು ಪ್ರಯೋಗವನ್ನು ಉದಾಹರಿಸುವುದುಂಟು. ನೊವೊಸಿಬಿರ್ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿ, ಲುದ್ಮಿಲಾ ತ್ರುತ್ ಮುಂದುವರಿಸಿದ ಪ್ರಯೋಗ ಅದು. ಚರ್ಮಕ್ಕಾಗಿ ಸಾಕುತ್ತಿದ್ದ ಸಿಲ್ವರ್ ಫಾಕ್ಸ್ ಎಂಬ ನರಿಗಳಲ್ಲಿ ಮನುಷ್ಯನಿಗೆ ಹೆಚ್ಚು ಸೌಮ್ಯವಾಗಿರುವವನ್ನು ಮಾತ್ರ ಆರಿಸಿ ಅವುಗಳಿಂದ ಮರಿ ಮಾಡಿಸುತ್ತ ಹೋದರು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸಿ, ಕೈ ನೆಕ್ಕುವ ನರಿಗಳು ಹುಟ್ಟಿದವು. ಕೆಲವಕ್ಕೆ ಜೋಲು ಕಿವಿ, ಮೈಮೇಲೆ ಬಿಳಿ ಮಚ್ಚೆಗಳೂ ಬಂದವು. ಆ ನರಿಗಳ ಹಿರಿಯರು ಕೆನಡದ ಸಾಕಣೆ ಕೇಂದ್ರಗಳಿಂದ ಬಂದವು, ಮಚ್ಚೆಯಂಥ ಲಕ್ಷಣಗಳು ಅಲ್ಲೇ ಇದ್ದವು ಎಂಬ ಟೀಕೆ ಈಚೆಗೆ ಬಂದಿದೆ. ಆದರೂ ಸ್ವಭಾವ ಬದಲಾದದ್ದನ್ನು ಯಾರೂ ಅಲ್ಲಗಳೆದಿಲ್ಲ.

ನಾಯಿ ಮನುಷ್ಯನ ಹಿಂದೆ ಹೊಲಕ್ಕೂ ಬಂದಿತು. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿಗಳಿದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ. ಬೇಸಾಯಕ್ಕೆ ಮೊದಲಿನ ನಾಯಿಗಳಲ್ಲಿ ಈ ಹೆಚ್ಚಳ ಕಾಣದು. ಅನ್ನ, ಮುದ್ದೆ ತಿಂದು ಬದುಕುವ ಶಕ್ತಿ ನಾಯಿಗೆ ಬಂದದ್ದು ರೈತನ ಅಂಗಳದಲ್ಲಿ.

ನಮ್ಮ ತೋಳ, ನಮ್ಮ ಬೀದಿನಾಯಿ

ಈ ಚರ್ಚೆಯಲ್ಲಿ ನಮ್ಮ ಬಯಲುಸೀಮೆಯ ತೋಳದ ಸ್ಥಾನವೇನು? ಯಾದವೇಂದ್ರದೇವ್ ಝಾಲಾ ಅವರೂ ಇದ್ದ ಒಂದು ತಂಡ 2004ರಲ್ಲಿ ಪರ್ಯಾಯದ್ವೀಪದ 45 ತೋಳಗಳನ್ನೂ ಹಿಮಾಲಯ ಹಾಗೂ ಟಿಬೆಟ್ಟಿನ 23 ತೋಳಗಳನ್ನೂ ಪರೀಕ್ಷಿಸಿತು. ನಮ್ಮ ಬಯಲಿನ ತೋಳಗಳ ಮೈಟೊಕಾಂಡ್ರಿಯ ಡಿ.ಎನ್.ಎ. ಪ್ರಪಂಚದ ಇತರ ತೋಳ ಮತ್ತು ನಾಯಿಗಳಿಂದ ಬೇರೆಯಾಗಿ ನಾಲ್ಕು ಲಕ್ಷ ವರ್ಷಕ್ಕೂ ಹೆಚ್ಚಾಗಿರಬಹುದೆಂದು ಅದು ಹೇಳಿತು. ಹೋಲಿಸಿ ನೋಡಿದ 37 ಭಾರತೀಯ ನಾಯಿಗಳಲ್ಲಿ ಒಂದರಲ್ಲೂ ಆ ಬಗೆಯ ಡಿ.ಎನ್.ಎ. ಇರಲಿಲ್ಲ. ನಮ್ಮ ಬೀದಿನಾಯಿ ನಮ್ಮ ತೋಳದ ಮಗುವಲ್ಲ. ಅದು ಎಲ್ಲಿಂದಲೋ ಮನುಷ್ಯನ ಜೊತೆ ನಡೆದು ಬಂದದ್ದು. 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೂ ಭಾರತದ ತೋಳ ಇಂದು ಬದುಕಿರುವ ತೋಳಗಳಲ್ಲಿ ಅತ್ಯಂತ ಪ್ರಾಚೀನ ಕವಲುಗಳಲ್ಲೊಂದು ಎಂದು ದೃಢಪಡಿಸಿತು.

ಈ ಪ್ರಾಚೀನ ಕವಲು ಇಂದು ಎಷ್ಟು ಉಳಿದಿದೆ? 2022ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿರುವ ಈ ತೋಳಗಳು ಸುಮಾರು 3,100. ನಮ್ಮ ರಾಜ್ಯದಲ್ಲಿ ಮೇಲುಕೋಟೆಯ ವನ್ಯಜೀವಿ ಧಾಮವನ್ನು 1974ರಲ್ಲಿ ಸ್ಥಾಪಿಸಿದ್ದೇ ತೋಳದ ರಕ್ಷಣೆಗಾಗಿ. ಕೊಪ್ಪಳದ ಕಡೆಯ ಕುರುಚಲು ಬಯಲುಗಳಲ್ಲಿ ತೋಳಗಳು ಇಂದಿಗೂ ಕುರಿಮಂದೆಯ ಸುತ್ತ ಸುಳಿಯುತ್ತವೆ. ಕುರಿಗಾಹಿ ಅವನ್ನು ತಡೆಯುವುದು ನಾಯಿಯಿಂದಲೇ. ಆದರೆ ಬಯಲು ಕಿರಿದಾಗಿ, ತೋಳಕ್ಕೆ ತೋಳದ ಜೊತೆ ಸಿಗದಾದಾಗ ಅದು ಬೀದಿನಾಯಿಯನ್ನು ಕೂಡುತ್ತದೆ. ಪುಣೆಯ ಬಳಿ ಇಂಥ ಬೆರಕೆ ನಡೆದಿರುವುದನ್ನು ಅಲ್ಲಿನ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್ ಹಾಗೂ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು 2023ರಲ್ಲಿ ಜೀನೋಮ್ ಪರೀಕ್ಷೆಯಿಂದ ಖಚಿತಪಡಿಸಿದರು. ಒಬರ್‌ಕಾಸೆಲ್‌ನ ಮರಿಯನ್ನು ಕಾಡಿದ ಡಿಸ್ಟೆಂಪರ್ ರೋಗವೂ, ರೇಬೀಸ್ ರೋಗವೂ ನಾಯಿಗಳಿಂದ ತೋಳಗಳಿಗೆ ಹರಡಬಲ್ಲವು.

ನಾಯಿಗೆ ಜನ್ಮಕೊಟ್ಟ ತೋಳದ ಪೀಳಿಗೆ ಈಗಿಲ್ಲ. ಅದಕ್ಕಾಗಿಯೇ ಇಷ್ಟು ವರ್ಷದ ವಾದವಿವಾದ, ಸೈಬೀರಿಯದ ಮಂಜಿನಿಂದ ಯುರೋಪಿನ ಗುಹೆಯವರೆಗೆ ಮೂಳೆಯ ಹುಡುಕಾಟ. ಅಳಿದದ್ದನ್ನು ಮೂಳೆಯಿಂದ ಅರಿಯುವುದು ಎಷ್ಟು ಕಷ್ಟವೆಂಬುದನ್ನು ಈ ಚರ್ಚೆ ತೋರಿಸಿಕೊಟ್ಟಿದೆ. ನಮ್ಮ ಬಯಲಿನ ತೋಳವಾದರೋ ಇನ್ನೂ ಜೀವಂತವಾಗಿದೆ. ಅದು ಓಡಾಡುವ ಹುಲ್ಲುಗಾವಲನ್ನು ಬಂಜರು ಭೂಮಿಯೆಂದು ಬಗೆಯದೆ ಉಳಿಸಿಕೊಳ್ಳುವುದು, ಅದರಂಚಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಿಸಿ ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವುದು ನಮ್ಮಿಂದ ಆಗಬಹುದಾದ ಕೆಲಸ.